ಪೇಸ್ 16 ಇದ್ದರೂ 65ನೇ ನಿಮಿಷಕ್ಕೆ ತಂಡ ಕುಸಿಯುವುದೇಕೆ?

ಪ್ರಶ್ನೆ: ಫುಟ್‌ಬಾಲ್ ಮ್ಯಾನೇಜರ್ 24 ಎಂಬ ಕಂಪ್ಯೂಟರ್ ಗೇಮ್‌ನಲ್ಲಿ ಬೆಂಗಳೂರು ಎಫ್‌ಸಿ ತಂಡ ನಡೆಸುತ್ತಿದ್ದೇನೆ. ಎರಡೂ ವಿಂಗ್‌ಗಳಿಗೆ (ಮೈದಾನದ ಅಂಚುಗಳಿಗೆ) ಪೇಸ್, ಅಂದರೆ ವೇಗ, 20ಕ್ಕೆ 15–16 ಇರುವ ಹುಡುಗರನ್ನು ತಂದೆ. ಹೈ ಪ್ರೆಸ್ (ಎದುರಾಳಿಯ ಅರ್ಧದಲ್ಲೇ ಚೆಂಡಿಗೆ ಮುಗಿಬೀಳುವುದು), ಹೈ ಲೈನ್ (ಡಿಫೆಂಡರ್‌ಗಳನ್ನು ಮಧ್ಯರೇಖೆಯ ಹತ್ತಿರ ನಿಲ್ಲಿಸುವುದು) ಆಟ. ಮೊದಲ ಒಂದು ಗಂಟೆ ಎದುರಾಳಿಗೆ ಚೆಂಡೇ ಸಿಗುವುದಿಲ್ಲ. 65ನೇ ನಿಮಿಷ ದಾಟಿದ ಮೇಲೆ ಗೋಲು ಬಿಟ್ಟುಕೊಡಲು ಶುರು. ಡಿಸೆಂಬರ್ ಹೊತ್ತಿಗೆ ನಾಲ್ವರು ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಗಾಯದಿಂದ ಹೊರಗೆ. ಹೆಡಿಂಗ್ 15 ಇರುವ ನನ್ನ 27 ವರ್ಷದ ಸೆಂಟರ್ ಬ್ಯಾಕ್ ಕಾರ್ನರ್‌ಗಳಲ್ಲಿ ಸೋಲುತ್ತಲೇ ಇದ್ದಾನೆ. ತರಬೇತಿಯಿಂದ ಅವನನ್ನು ಸರಿಪಡಿಸಬಹುದೇ? 'ಪೇಸ್, ಆಕ್ಸಿಲರೇಶನ್ ಎರಡು ನೋಡಿದರೆ ಸಾಕು' ಎನ್ನುವ ಗೆಳೆಯರ ಮಾತು ನಿಜವೇ? ಹಿಂದೆ ಫಿಫಾ ಎಂಬ ಹೆಸರಿದ್ದ ಇಎ ಎಫ್‌ಸಿ ಗೇಮ್‌ನಲ್ಲೂ ಇದೇ ಲೆಕ್ಕವೇ?

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಅರ್ಧ ಮಾತು. ಫುಟ್‌ಬಾಲ್ ಮ್ಯಾನೇಜರ್‌ನ ಪಂದ್ಯದ ಎಂಜಿನ್ ಓಟಕ್ಕೆ ತುಂಬಾ ಬೆಲೆ ಕೊಡುತ್ತದೆ. ಉಳಿದೆಲ್ಲವನ್ನೂ ಇದ್ದಹಾಗೇ ಬಿಟ್ಟು, ಒಂದೊಂದೇ ಅಂಕಿಯನ್ನು ಏರಿಸಿ ಇಳಿಸಿ ರಾಶಿಗಟ್ಟಲೆ ಪಂದ್ಯ ಓಡಿಸಿ ನೋಡಿದ ಉತ್ಸಾಹಿಗಳಿಗೆ ಹಲವು ಆವೃತ್ತಿಗಳಲ್ಲಿ ಕಂಡದ್ದೂ ಇದೇ: ಆಕ್ಸಿಲರೇಶನ್, ಪೇಸ್ ಎಲ್ಲಕ್ಕಿಂತ ಮುಂದೆ, ಅವುಗಳ ಬೆನ್ನಿಗೇ ಜಂಪಿಂಗ್ ರೀಚ್ (ಜಿಗಿದು ಮುಟ್ಟುವ ಎತ್ತರ). ಆದರೆ ಆಟಗಾರನ ಪುಟದಲ್ಲಿ ಕಾಣುವ 16 ಎಂಬುದು ಅವನು ದಣಿಯದೆ ಇರುವಾಗಿನ 16. ಅದು ಪಂದ್ಯದ ಎಷ್ಟನೇ ನಿಮಿಷದವರೆಗೆ, ಋತುವಿನ ಎಷ್ಟನೇ ತಿಂಗಳವರೆಗೆ 16 ಆಗಿ ಉಳಿಯುತ್ತದೆ ಎಂಬುದನ್ನು ಬೇರೆ ಮೂರು ಅಂಕಿಗಳು ತೀರ್ಮಾನಿಸುತ್ತವೆ: ಸ್ಟ್ಯಾಮಿನಾ, ನ್ಯಾಚುರಲ್ ಫಿಟ್ನೆಸ್, ವರ್ಕ್ ರೇಟ್. ನೀವು ಆಟಗಾರರನ್ನು ಕೊಳ್ಳುವಾಗ ನೋಡದೆ ಬಿಟ್ಟದ್ದು ಈ ಮೂರನ್ನು.

ಮೊದಲು ಓಟದ ಎರಡು ಅಂಕಿಗಳನ್ನು ಬೇರೆ ಮಾಡಿಕೊಳ್ಳಿ. ಪೇಸ್ ಎಂದರೆ ಆಟಗಾರ ಮುಟ್ಟಬಲ್ಲ ಗರಿಷ್ಠ ವೇಗ. ಆಕ್ಸಿಲರೇಶನ್ ಎಂದರೆ ನಿಂತಲ್ಲಿಂದ ಆ ವೇಗಕ್ಕೆ ಎಷ್ಟು ಬೇಗ ಬರುತ್ತಾನೆ ಎಂಬುದು. ನಿಜವಾದ ಮೈದಾನದಲ್ಲಿ ಹೆಚ್ಚಿನ ಓಟಗಳು 10–20 ಮೀಟರ್‌ಗೆ ಮುಗಿದುಹೋಗುತ್ತವೆ. 100 ಮೀಟರ್ ಓಟದ ಅತಿ ವೇಗದ ಮನುಷ್ಯ ಉಸೇನ್ ಬೋಲ್ಟ್ ಕೂಡ ತನ್ನ ಗರಿಷ್ಠ ವೇಗಕ್ಕೆ ಬರುತ್ತಿದ್ದದ್ದು 60 ಮೀಟರ್ ಆಸುಪಾಸಿನಲ್ಲಿ. ಹಾಗಾಗಿ ಪೆನಾಲ್ಟಿ ಬಾಕ್ಸ್ ಒಳಗೆ ಆಡುವ ಸ್ಟ್ರೈಕರ್‌ಗೆ, ಪ್ರೆಸ್ ಮಾಡುವ ಮಿಡ್‌ಫೀಲ್ಡರ್‌ಗೆ, ಚೆಂಡು ಕಾಲಿಗೆ ಸಿಕ್ಕ ಮೇಲೆ ಫುಲ್‌ಬ್ಯಾಕನ್ನು ದಾಟಬೇಕಾದ ವಿಂಗರ್‌ಗೆ ಆಕ್ಸಿಲರೇಶನ್ ಮೊದಲು, ಪೇಸ್ ಆಮೇಲೆ. ಕೌಂಟರ್ ಅಟ್ಯಾಕ್‌ನಲ್ಲಿ ಅರ್ಧ ಮೈದಾನ ಓಡುವವನಿಗೆ ಮತ್ತು ಹೈ ಲೈನ್‌ನ ಹಿಂದೆ ಬಿದ್ದ ಚೆಂಡಿಗೆ ತಿರುಗಿ ಓಡಬೇಕಾದ ಸೆಂಟರ್ ಬ್ಯಾಕ್‌ಗೆ ಮಾತ್ರ ಪೇಸ್ ಅಷ್ಟೇ ಮುಖ್ಯ. ಪೇಸ್ 16, ಆಕ್ಸಿಲರೇಶನ್ 11 ಇರುವ ವಿಂಗರ್ ಕಿಕ್ಕಿರಿದ ಡಿಫೆನ್ಸ್ ಎದುರು ಸಾಧಾರಣ ಆಟಗಾರನಂತೆ ಕಾಣುತ್ತಾನೆ. ಅವನ ಮುಂದೆ ಖಾಲಿ ಜಾಗ ಇಲ್ಲದಿದ್ದರೆ ಆ 16 ಕೆಲಸಕ್ಕೇ ಬರುವುದಿಲ್ಲ.

ಈಗ 65ನೇ ನಿಮಿಷಕ್ಕೆ ಬರೋಣ. ಸ್ಟ್ಯಾಮಿನಾ ಪಂದ್ಯದ ಒಳಗಿನ ಲೆಕ್ಕ: ಓಡಿದಂತೆಲ್ಲ ಆಟಗಾರನ ಕಂಡೀಶನ್ (ಮೈಯಲ್ಲಿ ಉಳಿದ ಶಕ್ತಿ) ಎಷ್ಟು ಬೇಗ ಇಳಿಯುತ್ತದೆ ಎಂಬುದನ್ನು ಅದು ಹೇಳುತ್ತದೆ. ನ್ಯಾಚುರಲ್ ಫಿಟ್ನೆಸ್ ಪಂದ್ಯಗಳ ನಡುವಿನ ಲೆಕ್ಕ: ಖರ್ಚಾದದ್ದು ಮುಂದಿನ ಪಂದ್ಯದೊಳಗೆ ಎಷ್ಟು ತುಂಬಿಕೊಳ್ಳುತ್ತದೆ, ಗಾಯದಿಂದ ಎಷ್ಟು ಚೆನ್ನಾಗಿ ಚೇತರಿಸಿಕೊಳ್ಳುತ್ತಾನೆ, 30 ದಾಟಿದ ಮೇಲೆ ದೇಹ ಎಷ್ಟು ದಿನ ತಡೆಯುತ್ತದೆ. ಇವೆರಡನ್ನೂ ಒಂದೇ ಎಂದುಕೊಂಡು ಸ್ಟ್ಯಾಮಿನಾ ಮಾತ್ರ ನೋಡಿ ಕೊಳ್ಳುವವರು ಬಹಳ ಮಂದಿ. ಸ್ಟ್ಯಾಮಿನಾ 16, ನ್ಯಾಚುರಲ್ ಫಿಟ್ನೆಸ್ 8 ಇರುವವನು ಭಾನುವಾರ 90 ನಿಮಿಷ ಓಡುತ್ತಾನೆ, ಬುಧವಾರದ ಪಂದ್ಯಕ್ಕೆ ಅರ್ಧ ಮಾತ್ರ ಸಿದ್ಧನಾಗಿರುತ್ತಾನೆ.

ಮೂರನೆಯದು ವರ್ಕ್ ರೇಟ್. ಇದು ದೈಹಿಕ ಗುಣಗಳ ಪಟ್ಟಿಯಲ್ಲಿಲ್ಲ, ಮಾನಸಿಕ ಗುಣಗಳಲ್ಲಿದೆ. ಆದರೂ ದೇಹದ ಖರ್ಚನ್ನು ನಿರ್ಧರಿಸುವುದರಲ್ಲಿ ಇದರ ಪಾಲು ದೊಡ್ಡದು. ಅದು ಓಡುವ ಮನಸ್ಸು. ಸ್ಟ್ಯಾಮಿನಾ ಓಡುವ ತಾಕತ್ತು. ವರ್ಕ್ ರೇಟ್ 16, ಸ್ಟ್ಯಾಮಿನಾ 10 ಇರುವ ಹುಡುಗನನ್ನು ಹೈ ಪ್ರೆಸ್‌ನಲ್ಲಿ ಹಾಕಿದರೆ ತಂಡದಲ್ಲಿ ಎಲ್ಲರಿಗಿಂತ ಮೊದಲು ಸುಸ್ತಾಗುವವನು ಅವನೇ, ಏಕೆಂದರೆ ಅವನು ಒಂದು ಓಟವನ್ನೂ ಬಿಡುವುದಿಲ್ಲ. ನಿಮ್ಮ ಇಬ್ಬರು ವಿಂಗರ್‌ಗಳ ಪುಟ ತೆರೆದು ಈ ಜೋಡಿಯನ್ನು ಮೊದಲು ನೋಡಿ.

ಗೋಲುಗಳು ಕೊನೆಯ 25 ನಿಮಿಷದಲ್ಲೇ ಬರುವುದಕ್ಕೆ ಕಾರಣವೂ ಇಲ್ಲೇ ಇದೆ. ಪ್ರೆಸ್‌ನಲ್ಲಿ ಮುಂದಿನ ಮೂವರಲ್ಲಿ ಒಬ್ಬ ಅರ್ಧ ಸೆಕೆಂಡ್ ತಡವಾಗಿ ಬಂದರೆ ಎದುರಾಳಿಯ ಸೆಂಟರ್ ಬ್ಯಾಕ್‌ಗೆ ತಲೆ ಎತ್ತಿ ನೋಡಲು ಸಮಯ ಸಿಗುತ್ತದೆ. ಅವನು ಉದ್ದದ ಪಾಸ್ ಕೊಡುತ್ತಾನೆ. ನಿಮ್ಮ ಲೈನ್ ಇನ್ನೂ ಮಧ್ಯರೇಖೆಯ ಹತ್ತಿರವೇ ನಿಂತಿದೆ, ಹಿಂದೆ ಖಾಲಿ ಜಾಗ ಬಿದ್ದಿದೆ, ತಿರುಗಿ ಓಡಬೇಕಾದ ಡಿಫೆಂಡರ್‌ಗಳೂ ದಣಿದಿದ್ದಾರೆ. ದಣಿವು ಕಾಲನ್ನಷ್ಟೇ ಹಿಡಿಯುವುದಿಲ್ಲ. ಕಂಡೀಶನ್ ಇಳಿದಂತೆ ಪಾಸ್ ತಪ್ಪುವುದು, ಮಾರ್ಕಿಂಗ್ ಬಿಡುವುದು ಎಲ್ಲವೂ ಹೆಚ್ಚುತ್ತವೆ. ಆಕ್ರಮಣ ಚೆನ್ನಾಗಿದೆ, ಡಿಫೆನ್ಸ್ ಕೆಟ್ಟದ್ದು ಎಂದು ನಿಮಗೆ ಅನ್ನಿಸಿರಬಹುದು. ಆದರೆ ಗೋಲಿನ ಬೇರು ನಿಮ್ಮ ವಿಂಗರ್ ತಡವಾಗಿ ತಲುಪಿದ ಜಾಗದಲ್ಲಿರುತ್ತದೆ.

ಇದಕ್ಕೆ ಹೊಸ ಆಟಗಾರರನ್ನು ಕೊಳ್ಳುವ ಮೊದಲೇ ಮಾಡಬಹುದಾದ ಕೆಲಸಗಳಿವೆ. ಐದು ಬದಲಾವಣೆಗಳ ಅವಕಾಶವಿದೆ, ಅವನ್ನು ಮೂರು ಬಾರಿಯಲ್ಲಿ ಬಳಸಬೇಕು. ವಿರಾಮದ ಹೊತ್ತಿನಲ್ಲಿ ಮಾಡಿದ್ದು ಆ ಮೂರರಲ್ಲಿ ಸೇರುವುದಿಲ್ಲ. ಇಬ್ಬರೂ ವಿಂಗರ್‌ಗಳನ್ನು 58–60ನೇ ನಿಮಿಷಕ್ಕೆ ಒಟ್ಟಿಗೇ ಬದಲಿಸಿ, ಕಂಡೀಶನ್ ಸೂಚಿಸುವ ಹೃದಯದ ಚಿಹ್ನೆ ಕಿತ್ತಳೆಗೆ ತಿರುಗುವವರೆಗೆ ಕಾಯಬೇಡಿ. ಗೋಲಿನಲ್ಲಿ ಮುಂದಿದ್ದರೆ ಅದೇ ಹೊತ್ತಿಗೆ ಟ್ರಿಗರ್ ಪ್ರೆಸ್ (ಎಷ್ಟು ಸಲ ಮುಗಿಬೀಳಬೇಕೆಂಬ ಸೂಚನೆ) ಅನ್ನು ಒಂದು ಮೆಟ್ಟಿಲು ಇಳಿಸಿ, ಟೆಂಪೋ (ಆಟದ ಗತಿ) ಒಂದು ಮೆಟ್ಟಿಲು ಇಳಿಸಿ, ಡಿಫೆನ್ಸಿವ್ ಲೈನನ್ನೂ ಇಳಿಸಿ. ಮೂರನ್ನೂ ಒಟ್ಟಿಗೆ ಇಳಿಸುವುದು ಮುಖ್ಯ. ಪ್ರೆಸ್ ಮಾತ್ರ ಇಳಿಸಿ ಲೈನನ್ನು ಮೇಲೆಯೇ ಬಿಟ್ಟರೆ ಮೊದಲಿಗಿಂತ ಕೆಟ್ಟ ಸ್ಥಿತಿ: ಪಾಸ್ ಕೊಡುವವನಿಗೆ ಸಮಯವೂ ಉಂಟು, ಹಿಂದೆ ಜಾಗವೂ ಉಂಟು.

ಹ್ಯಾಮ್‌ಸ್ಟ್ರಿಂಗ್ ವಿಷಯ. ನಿಜವಾದ ಫುಟ್‌ಬಾಲ್‌ನಲ್ಲೂ ಅತಿ ಸಾಮಾನ್ಯ ಸ್ನಾಯು ಗಾಯ ಇದೇ, ಅದು ಹೆಚ್ಚಾಗಿ ಆಗುವುದು ಪೂರ್ಣ ವೇಗದ ಓಟದಲ್ಲಿ. ಆಟದಲ್ಲಿ ಗಾಯದ ಸಾಧ್ಯತೆಯನ್ನು ಎರಡು ಬಗೆಯ ದಣಿವು ಏರಿಸುತ್ತದೆ: ಪಂದ್ಯದ ಹೊತ್ತಿನ ಕಂಡೀಶನ್ ಒಂದು, ವಾರಗಟ್ಟಲೆ ಕೂಡಿಬರುವ ಒಟ್ಟು ದಣಿವು ಇನ್ನೊಂದು. ಪಂದ್ಯದ ದಿನ ಹೃದಯ ಪೂರ್ತಿ ಹಸಿರಾಗಿ ಕಂಡರೂ ಎರಡನೆಯದು ಒಳಗೆ ಬೆಳೆಯುತ್ತಿರಬಹುದು. ಅದು ಕಾಣುವುದು ಮೆಡಿಕಲ್ ಸೆಂಟರ್‌ನಲ್ಲಿ. ವಾರಕ್ಕೊಮ್ಮೆ ಅಲ್ಲಿಗೆ ಹೋಗಿ, ಗಾಯದ ಅಪಾಯ 'ಹೈ' ಅಥವಾ ಅದಕ್ಕಿಂತ ಮೇಲೆ ಇರುವವರನ್ನು ಮುಂದಿನ ಪಂದ್ಯದ ಮೊದಲ ಹನ್ನೊಂದರಿಂದ ತೆಗೆಯಿರಿ. ಟ್ರೈನಿಂಗ್‌ನ ರೆಸ್ಟ್ ಪುಟದಲ್ಲಿ ಕಂಡೀಶನ್‌ಗೆ ತಕ್ಕಂತೆ ತೀವ್ರತೆ ಹೊಂದಿಸುವ ಜಾಗವಿದೆ: ಕಂಡೀಶನ್ ಅತ್ಯುತ್ತಮ ಇದ್ದವರಿಗೆ ಡಬಲ್ ಇಂಟೆನ್ಸಿಟಿ ಕೊಟ್ಟಿದ್ದರೆ ಹೈ ಪ್ರೆಸ್ ತಂಡಕ್ಕೆ ಅದನ್ನು ನಾರ್ಮಲ್‌ಗೆ ತನ್ನಿ, ಅದರ ಕೆಳಗಿನವರಿಗೆ ಹಾಫ್, ತೀರಾ ಕೆಳಗಿನವರಿಗೆ ಪೂರ್ತಿ ವಿಶ್ರಾಂತಿ. ವೇಳಾಪಟ್ಟಿಯಲ್ಲಿ ಪಂದ್ಯದ ಮರುದಿನ ರಿಕವರಿ ಇಡಿ, ವಾರದಲ್ಲಿ ಎರಡು ಪಂದ್ಯ ಬಂದಾಗ ನಡುವಿನ ದಿನಗಳಲ್ಲಿ ದೈಹಿಕ ತರಬೇತಿಯನ್ನು ಇಡಲೇಬೇಡಿ.

ಋತು ಶುರುವಾಗುವುದಕ್ಕೆ ಮುಂಚಿನ ಐದಾರು ವಾರಗಳನ್ನು ಲಘುವಾಗಿ ತೆಗೆದುಕೊಂಡರೂ ಇದೇ ಫಲ. ಮೊದಲ ಎರಡು ಮೂರು ವಾರ ದೈಹಿಕ ತರಬೇತಿಗೇ ಒತ್ತು ಕೊಟ್ಟು, ಆಮೇಲೆ ಸ್ನೇಹಪಂದ್ಯಗಳಲ್ಲಿ 45 ನಿಮಿಷದಿಂದ ಶುರುಮಾಡಿ 90ಕ್ಕೆ ಏರಿಸಿ. ಕಂಡೀಶನ್ ಬೇರೆ, ಮ್ಯಾಚ್ ಶಾರ್ಪ್‌ನೆಸ್ (ಪಂದ್ಯದ ಚುರುಕು) ಬೇರೆ; ವಿಶ್ರಾಂತಿ ಮೊದಲನೆಯದನ್ನು ತುಂಬುತ್ತದೆ, ಎರಡನೆಯದು ಪಂದ್ಯ ಆಡದೆ ಬರುವುದಿಲ್ಲ. ಬೆಂಚಿನಲ್ಲಿ ತಿಂಗಳು ಕೂತವನನ್ನು ದೊಡ್ಡ ಪಂದ್ಯಕ್ಕೆ ಪೂರ್ತಿ 90 ನಿಮಿಷ ಇಳಿಸಿದರೆ ಗಾಯಕ್ಕೆ ದಾರಿ ಮಾಡಿಕೊಟ್ಟಂತೆ.

ಇಂಜುರಿ ಪ್ರೋನ್‌ನೆಸ್ (ಸುಲಭಕ್ಕೆ ಗಾಯಗೊಳ್ಳುವ ಸ್ವಭಾವ) ಎಂಬ ಗುಣ ಪುಟದಲ್ಲಿ ಕಾಣುವುದಿಲ್ಲ, ಒಳಗೆ ಅಡಗಿರುತ್ತದೆ. ಕೊಳ್ಳುವ ಮೊದಲು ಆಟಗಾರನ ಗಾಯಗಳ ಇತಿಹಾಸ ಮತ್ತು ಸ್ಕೌಟ್ ವರದಿಯ ದೌರ್ಬಲ್ಯಗಳ ಸಾಲನ್ನು ಓದಿದರೆ ಸುಳಿವು ಸಿಗುತ್ತದೆ. ಪೇಸ್ 17 ಇರುವವನು ನಿಮ್ಮ ಸಂಬಳದ ಮಿತಿಯೊಳಗೆ ಅಗ್ಗಕ್ಕೆ ಸಿಗುತ್ತಿದ್ದಾನೆ ಎಂದಾದರೆ ಮೊದಲು ನೋಡಬೇಕಾದ್ದು ಇದನ್ನೇ.

ಸೆಂಟರ್ ಬ್ಯಾಕ್‌ನ ಸಮಸ್ಯೆಗೆ ಕಾರಣ ಬೇರೆ. ಹೆಡಿಂಗ್ ತಾಂತ್ರಿಕ ಗುಣ: ಚೆಂಡು ತಲೆಗೆ ತಗುಲಿದ ಮೇಲೆ ಅದು ಎಷ್ಟು ಸರಿಯಾದ ಕಡೆಗೆ ಹೋಗುತ್ತದೆ ಎಂಬುದಷ್ಟೇ ಅದರ ವ್ಯಾಪ್ತಿ. ಚೆಂಡು ತಲೆಗೆ ತಗುಲುತ್ತದೆಯೇ ಎಂಬುದನ್ನು ಜಂಪಿಂಗ್ ರೀಚ್ ತೀರ್ಮಾನಿಸುತ್ತದೆ. ಆಟಗಾರ ಜಿಗಿದಾಗ ಅವನ ತಲೆ ಮುಟ್ಟುವ ಅತಿ ಎತ್ತರ ಅದು. ಮೈಯ ಎತ್ತರವೂ ಜಿಗಿತವೂ ಅದರಲ್ಲೇ ಸೇರಿಹೋಗಿವೆ. ಆದ್ದರಿಂದ 195 ಸೆಂಟಿಮೀಟರ್ ಎತ್ತರವಿದ್ದು ಜಂಪಿಂಗ್ ರೀಚ್ 11 ಇರುವವನು ಗಾಳಿಯಲ್ಲಿ 11ರ ಆಟಗಾರನೇ. 182 ಸೆಂಟಿಮೀಟರ್ ಇದ್ದು 15 ಇರುವವನು ಅವನ ಮೇಲೆ ಗೆಲ್ಲುತ್ತಾನೆ. ಸುನಿಲ್ ಛೆಟ್ರಿ ಸುಮಾರು 170 ಸೆಂಟಿಮೀಟರ್ ಎತ್ತರದಲ್ಲಿ ತಲೆಯಿಂದ ಅಷ್ಟು ಗೋಲು ಹೊಡೆದದ್ದು, 2006ರ ವಿಶ್ವಕಪ್ ಗೆದ್ದ ಇಟಲಿಯ ನಾಯಕ ಫಾಬಿಯೊ ಕನ್ನವಾರೊ 175ರ ಆಸುಪಾಸಿನಲ್ಲಿ ಸೆಂಟರ್ ಬ್ಯಾಕ್ ಆಗಿದ್ದದ್ದು ಇಂಥ ಜಿಗಿತದಿಂದ, ಜೊತೆಗೆ ಚೆಂಡು ಎಲ್ಲಿ ಬೀಳುತ್ತದೆಂದು ಇತರರಿಗಿಂತ ಮೊದಲೇ ಊಹಿಸಿದ್ದರಿಂದ. ಆಟದಲ್ಲಿ ಈ ಎರಡನೆಯ ಭಾಗವನ್ನು ಆಂಟಿಸಿಪೇಶನ್, ಪೊಸಿಶನಿಂಗ್ ಎಂಬ ಅಂಕಿಗಳು ಹೊರುತ್ತವೆ. ಮೈಗೆ ಮೈ ತಾಗಿದಾಗ ಜಾಗ ಬಿಡದಿರಲು ಸ್ಟ್ರೆಂಗ್ತ್, ತಲೆಗೆ ಪೆಟ್ಟು ಬಿದ್ದೀತೆಂದು ಹಿಂಜರಿಯದಿರಲು ಬ್ರೇವರಿ ಬೇಕು.

ನಿಮ್ಮವನ ಹೆಡಿಂಗ್ 15ನ್ನು ಮರೆತು ಜಂಪಿಂಗ್ ರೀಚ್ ಎಷ್ಟಿದೆ ನೋಡಿ, ಬಹುಶಃ 10–11 ಇರುತ್ತದೆ. ಕಾರ್ನರ್ ರಕ್ಷಣೆಯಲ್ಲಿ ಅವನಿಗೆ ಎದುರಾಳಿಯ ಎತ್ತರದ ಆಟಗಾರನನ್ನು ಮಾರ್ಕ್ ಮಾಡುವ ಕೆಲಸ ಕೊಡಬೇಡಿ. ತಂಡದಲ್ಲಿ ಜಂಪಿಂಗ್ ರೀಚ್ ಹೆಚ್ಚಿರುವ ಮೂವರನ್ನು, ಅವರು ಸ್ಟ್ರೈಕರ್ ಆಗಿರಲಿ ಡಿಫೆನ್ಸಿವ್ ಮಿಡ್‌ಫೀಲ್ಡರ್ ಆಗಿರಲಿ, ಆರು ಗಜದ ಪೆಟ್ಟಿಗೆಯ ಅಂಚಿನಲ್ಲಿ ನಿಲ್ಲಿಸಿ. ಇವನನ್ನು ಪೆನಾಲ್ಟಿ ಬಾಕ್ಸ್‌ನ ಅಂಚಿಗೆ, ಮೊದಲ ಹೊಡೆತದಲ್ಲಿ ಚಿಮ್ಮಿ ಬರುವ 'ಎರಡನೇ ಚೆಂಡು' ಹಿಡಿಯಲು ಕಳಿಸಿ. ಇಷ್ಟಕ್ಕೇ ಕಾರ್ನರ್ ಗೋಲುಗಳು ಕಡಿಮೆಯಾಗುತ್ತವೆ. ನಡೆಯುತ್ತಿರುವ ಆಟದಲ್ಲಿ ಅವನನ್ನು ಎತ್ತರದವನ ಪಕ್ಕಕ್ಕೆ ಜೋಡಿಯಾಗಿ ಆಡಿಸಿ: ಒಬ್ಬ ಗಾಳಿಯಲ್ಲಿ ಗೆಲ್ಲುವವನು, ಇನ್ನೊಬ್ಬ ಹಿಂದೆ ಓಡಿ ಮುಚ್ಚುವವನು. ಇಬ್ಬರೂ ಎತ್ತರದ, ಇಬ್ಬರೂ ನಿಧಾನದ ಜೋಡಿಯನ್ನು ಹೈ ಲೈನ್‌ನಲ್ಲಿ ನಿಲ್ಲಿಸುವುದಕ್ಕಿಂತ ದೊಡ್ಡ ತಪ್ಪು ಈ ಆಟದಲ್ಲಿ ಕಡಿಮೆ. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ತಂಡ ಒಮ್ಮೆಗೆ ನಾಲ್ವರು ವಿದೇಶಿಯರನ್ನಷ್ಟೇ ಇಳಿಸಬಹುದಾದ್ದರಿಂದ, ಆ ನಾಲ್ಕು ಜಾಗಗಳಲ್ಲಿ ಒಂದನ್ನು ಜಂಪಿಂಗ್ ರೀಚ್ ಹೆಚ್ಚಿರುವ ಸೆಂಟರ್ ಬ್ಯಾಕ್‌ಗೆ ಮೀಸಲಿಡುವುದು ವ್ಯರ್ಥವಲ್ಲ.

ತರಬೇತಿಯಿಂದ ಅವನ ಜಿಗಿತ ಹೆಚ್ಚುತ್ತದೆಯೇ? ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ದೈಹಿಕ ಗುಣಗಳು ಜೋರಾಗಿ ಬೆಳೆಯುವುದು ಹದಿಹರೆಯದಿಂದ 22–23ರವರೆಗೆ. 27ರ ಆಟಗಾರನಿಗೆ ಸ್ಟ್ಯಾಮಿನಾ, ಸ್ಟ್ರೆಂಗ್ತ್ ಒಂದೊಂದು ಅಂಕಿ ಏರಬಹುದು. ಜಂಪಿಂಗ್ ರೀಚ್ 11ರಿಂದ 14ಕ್ಕೆ ಹೋಗುವುದಿಲ್ಲ. ಆ ವಯಸ್ಸಿನಲ್ಲಿ ಇನ್ನೂ ಬೆಳೆಯುವುದು ಪೊಸಿಶನಿಂಗ್, ಆಂಟಿಸಿಪೇಶನ್, ಡಿಸಿಶನ್ಸ್‌ನಂಥ ಮಾನಸಿಕ ಗುಣಗಳು, ತರಬೇತಿಯ ಶ್ರಮವನ್ನು ಅಲ್ಲಿ ಹಾಕಿ. ಕ್ವಿಕ್‌ನೆಸ್ ಎಂಬ ಹೆಚ್ಚುವರಿ ಫೋಕಸ್ ಆಕ್ಸಿಲರೇಶನ್, ಪೇಸ್ ಎರಡರ ಮೇಲೂ ಕೆಲಸ ಮಾಡುತ್ತದೆ. ಅದನ್ನು 17–20ರ ಹುಡುಗರಿಗೆ ಕೊಡಿ. 30ರ ಆಸುಪಾಸಿನಲ್ಲಿ ಓಟ ಇಳಿಯಲು ಶುರುವಾಗುತ್ತದೆ, ಗೋಲ್‌ಕೀಪರ್‌ಗಳಿಗೆ ಇನ್ನೂ ತಡವಾಗಿ. ನ್ಯಾಚುರಲ್ ಫಿಟ್ನೆಸ್ 16ರ ಮೇಲಿದ್ದರೆ ಆ ಇಳಿತ ನಿಧಾನ. 29ರ ಆಟಗಾರನಿಗೆ ಮೂರು ವರ್ಷದ ಒಪ್ಪಂದ ಕೊಡುವ ಮೊದಲು ನೋಡಬೇಕಾದ ಅಂಕಿ ಇದು.

ಒಳ್ಳೆಯ ಓಟಗಾರರ ಪಾಸಿಂಗ್ ಏಕೆ ಕೆಟ್ಟದಾಗಿರುತ್ತದೆ ಎಂಬ ಅನುಮಾನವೂ ನಿಮಗೆ ಬಂದಿರಬಹುದು. ಪ್ರತಿ ಆಟಗಾರನಿಗೂ 200ರ ಅಳತೆಯಲ್ಲಿ ಕರೆಂಟ್ ಎಬಿಲಿಟಿ (ಈಗಿನ ಒಟ್ಟು ಸಾಮರ್ಥ್ಯ) ಎಂಬ ಗುಪ್ತ ಅಂಕಿ ಇರುತ್ತದೆ, ಗುಣಗಳೆಲ್ಲ ಅದರೊಳಗೆ ಹೊಂದಬೇಕು. ಪ್ರತಿ ಸ್ಥಾನಕ್ಕೂ ಒಂದೊಂದು ಗುಣದ ಬೆಲೆ ಬೇರೆ, ಆದರೆ ಆಕ್ಸಿಲರೇಶನ್ ಮತ್ತು ಪೇಸ್ ಹೆಚ್ಚಿನ ಸ್ಥಾನಗಳಲ್ಲಿ ದುಬಾರಿ. ಸಂಬಳದ ಹಣದಲ್ಲಿ ಬಾಡಿಗೆಗೇ ಹೆಚ್ಚು ಹೋದರೆ ಉಳಿದದ್ದಕ್ಕೆ ಕೈ ಬಿಗಿಯಾಗುವಂತೆ, ಒಂದೇ ಎಬಿಲಿಟಿಯ ಇಬ್ಬರಲ್ಲಿ ವೇಗದವನ ಪಾಸಿಂಗ್, ಫಸ್ಟ್ ಟಚ್, ಡಿಸಿಶನ್ಸ್ ಕಡಿಮೆ ಇರುತ್ತವೆ. ಸಾಮರ್ಥ್ಯ ಸೂಚಿಸಲು ಆಟ ತೋರಿಸುವ ನಕ್ಷತ್ರಗಳು ಸಮ ಎಂದು ಇಬ್ಬರೂ ಒಂದೇ ಎಂದುಕೊಳ್ಳಬೇಡಿ. ವಿಂಗ್‌ನಲ್ಲಿ ಈ ಕೊರತೆ ಹೆಚ್ಚು ನೋಯಿಸುವುದಿಲ್ಲ. ಮಧ್ಯ ಮೈದಾನದಲ್ಲಿ ನೋಯಿಸುತ್ತದೆ.

ಇನ್ನು, 1ರಿಂದ 20ರ ಅಳತೆ ಇಡೀ ಜಗತ್ತಿಗೆ ಒಂದೇ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಸಾಧಾರಣವಾದ 13, ಐಎಸ್‌ಎಲ್‌ನಲ್ಲಿ ಚುರುಕು ಎನಿಸಬಹುದು. ಆದ್ದರಿಂದ ಟೀಮ್ ರಿಪೋರ್ಟ್‌ನ ಹೋಲಿಕೆಯ ಪುಟದಲ್ಲಿ ನಿಮ್ಮ ಲೀಗ್‌ನ ಸರಾಸರಿ ಎದುರು ನಿಮ್ಮ ತಂಡದ ಸ್ಟ್ಯಾಮಿನಾ, ಆಕ್ಸಿಲರೇಶನ್, ಜಂಪಿಂಗ್ ರೀಚ್ ಎಲ್ಲಿವೆ ನೋಡಿ. ಹೈ ಪ್ರೆಸ್ ಆಡಬೇಕೆಂದರೆ ಸ್ಟ್ಯಾಮಿನಾ ಮತ್ತು ವರ್ಕ್ ರೇಟ್‌ನಲ್ಲಿ ಲೀಗ್‌ನ ಮೊದಲ ಮೂರರೊಳಗೆ ಇರಬೇಕು. ಇಲ್ಲದಿದ್ದರೆ ಆ ಆಟವನ್ನೇ ಬಿಟ್ಟು ಮಿಡ್ ಬ್ಲಾಕ್‌ಗೆ (ಮಧ್ಯ ಮೈದಾನದಲ್ಲಿ ಕಾದು ತಡೆಯುವ ಆಟಕ್ಕೆ) ಇಳಿದು, ನಿಮ್ಮ ವೇಗದ ವಿಂಗರ್‌ಗಳಿಗೆ ಓಡಲು ಮುಂದೆ ಜಾಗ ಉಳಿಸುವುದೇ ಲಾಭ. ನಿಮ್ಮ ಈಗಿನ ತಂಡಕ್ಕೆ ಇದೇ ಹೆಚ್ಚು ಒಪ್ಪುತ್ತದೆ.

ಅಜಿಲಿಟಿ, ಬ್ಯಾಲೆನ್ಸ್ ಕುರಿತು ಚಿಕ್ಕದಾಗಿ: ಡ್ರಿಬಲ್ ಮಾಡುವವರಿಗೆ ಇವೆರಡೂ ಜೊತೆಯಾಗಿ ಬೇಕು, ಒಂದು ದಿಕ್ಕು ಬದಲಿಸಲು, ಇನ್ನೊಂದು ತಳ್ಳಿದಾಗ ಬೀಳದಿರಲು. ಗೋಲ್‌ಕೀಪರ್‌ಗೆ ರಿಫ್ಲೆಕ್ಸಸ್ ಜೊತೆ ಅಜಿಲಿಟಿ ನೋಡಿ. ಅವನು ಗಾಳಿಯಲ್ಲಿ ಚೆಂಡು ಹಿಡಿಯುವುದಕ್ಕೆ ಏರಿಯಲ್ ರೀಚ್ ಎಂಬ ಪ್ರತ್ಯೇಕ ಅಂಕಿ ಇದೆ.

ಇಎ ಎಫ್‌ಸಿಯಲ್ಲಿ ಲೆಕ್ಕ ಬೇರೆ, ಬಲೆಯೂ ಬೇರೆ. ಅಲ್ಲಿ ಅಂಕಿಗಳು 20ರ ಅಳತೆಯಲ್ಲಲ್ಲ, 99ರವರೆಗಿನ ಅಳತೆಯಲ್ಲಿವೆ; ಆಟಗಾರನ ಕಾರ್ಡಿನ ಮುಖದ ಮೇಲಿನ ಅಂಕಿಗಳು ಒಳಗಿನ ಹಲವು ಅಂಕಿಗಳ ಸರಾಸರಿ. ಪೇಸ್ ಎಂದರೆ ಆಕ್ಸಿಲರೇಶನ್‌ನ ಶೇ. 45 ಮತ್ತು ಸ್ಪ್ರಿಂಟ್ ಸ್ಪೀಡ್‌ನ ಶೇ. 55. ಆಕ್ಸಿಲರೇಶನ್ 90, ಸ್ಪ್ರಿಂಟ್ ಸ್ಪೀಡ್ 80 ಇದ್ದರೆ 84.5, ಆಕ್ಸಿಲರೇಶನ್ 78, ಸ್ಪ್ರಿಂಟ್ ಸ್ಪೀಡ್ 90 ಇದ್ದರೆ 84.6. ಕಾರ್ಡಿನಲ್ಲಿ ಇಬ್ಬರೂ ಒಂದೇ. ಮೈದಾನದಲ್ಲಿ ಮೊದಲನೆಯವನು ಐದು ಹೆಜ್ಜೆಯಲ್ಲಿ ಡಿಫೆಂಡರನ್ನು ಬಿಟ್ಟು ಹೋಗುತ್ತಾನೆ, ಎರಡನೆಯವನು ಅರ್ಧ ಮೈದಾನದ ಓಟದಲ್ಲಿ ಆ ಮೊದಲನೆಯವನನ್ನು ಹಿಡಿಯುತ್ತಾನೆ.

ಫಿಸಿಕಲ್ ಎಂಬ ಅಂಕಿ ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ಅದರಲ್ಲಿ ಸ್ಟ್ರೆಂಗ್ತ್ ಶೇ. 50, ಸ್ಟ್ಯಾಮಿನಾ ಶೇ. 25, ಅಗ್ರೆಶನ್ ಶೇ. 20, ಜಂಪಿಂಗ್ ಬರೀ ಶೇ. 5. ಸ್ಟ್ರೆಂಗ್ತ್ 85, ಸ್ಟ್ಯಾಮಿನಾ 60, ಅಗ್ರೆಶನ್ 70, ಜಂಪಿಂಗ್ 60 ಇರುವವನಿಗೆ 74.5, ಸ್ಟ್ರೆಂಗ್ತ್ 65, ಸ್ಟ್ಯಾಮಿನಾ 95, ಅಗ್ರೆಶನ್ 80, ಜಂಪಿಂಗ್ 60 ಇರುವವನಿಗೆ 75.25. ಒಬ್ಬ 70ನೇ ನಿಮಿಷಕ್ಕೆ ಕಾಲೆಳೆಯುತ್ತಾನೆ, ಇನ್ನೊಬ್ಬ ಹೆಚ್ಚುವರಿ ಸಮಯದಲ್ಲೂ ಓಡುತ್ತಾನೆ, ಆದರೆ ಭುಜಕ್ಕೆ ಭುಜ ತಾಗಿದರೆ ಚೆಂಡು ಕಳೆದುಕೊಳ್ಳುತ್ತಾನೆ. ಫಿಸಿಕಲ್ 85 ಇದೆ ಎಂದು ಕಾರ್ನರ್‌ಗೆ ನೆಚ್ಚಿಕೊಂಡ ಆಟಗಾರ ಹೆಡ್ ಗೆಲ್ಲದಿರುವುದಕ್ಕೆ ಕಾರಣ ಆ ಶೇ. 5. ಇಲ್ಲಿ ಮೈಯ ಎತ್ತರ ಪ್ರತ್ಯೇಕವಾಗಿ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಎತ್ತರ, ಜಂಪಿಂಗ್, ಹೆಡಿಂಗ್ ಅಕ್ಯುರೆಸಿ ಮೂರನ್ನೂ ಒಳಪುಟದಲ್ಲಿ ತೆರೆದು ನೋಡಬೇಕು.

ಇದರ ಮೇಲೆ ಫಿಫಾ 23ರಲ್ಲಿ ಬಂದ ಆಕ್ಸಲರೇಟ್ ವ್ಯವಸ್ಥೆ ಇದೆ. ಎತ್ತರ, ಅಜಿಲಿಟಿ, ಸ್ಟ್ರೆಂಗ್ತ್, ಆಕ್ಸಿಲರೇಶನ್ ನೋಡಿ ಅದು ಆಟಗಾರರನ್ನು ಎಕ್ಸ್‌ಪ್ಲೋಸಿವ್, ಕಂಟ್ರೋಲ್ಡ್, ಲೆಂಗ್ತಿ ಎಂದು ವಿಂಗಡಿಸುತ್ತದೆ; ಎಫ್‌ಸಿ 24ರಲ್ಲಿ ಈ ಮೂರು ಏಳಾದವು. ಎಕ್ಸ್‌ಪ್ಲೋಸಿವ್‌ನವನು ಹೊರಡುವಾಗ ಮುಂದೆ, ಲೆಂಗ್ತಿಯವನು ಓಟ ಉದ್ದವಾದಂತೆ ಮುಂದೆ. ವಿಂಗರ್‌ಗೆ, ಸಣ್ಣ ಜಾಗದಲ್ಲಿ ತಿರುಗುವ ಸ್ಟ್ರೈಕರ್‌ಗೆ ಎಕ್ಸ್‌ಪ್ಲೋಸಿವ್ ಕಡೆಯವರನ್ನು, ಸೆಂಟರ್ ಬ್ಯಾಕ್‌ಗೆ ಲೆಂಗ್ತಿ ಕಡೆಯವರನ್ನು ಆರಿಸಿ. ಕಾರ್ಡುಗಳಿಂದ ತಂಡ ಕಟ್ಟುವ ಅಲ್ಟಿಮೇಟ್ ಟೀಮ್ ವಿಭಾಗದಲ್ಲಿ ಡಿಫೆಂಡರ್‌ಗೆ ಕೆಮಿಸ್ಟ್ರಿ ಸ್ಟೈಲ್ (ಕೆಲವು ಅಂಕಿಗಳನ್ನು ಏರಿಸುವ ಸಾಧನ) ಹಾಕುವಾಗ ಶ್ಯಾಡೋ ಓಟವನ್ನೂ ಡಿಫೆಂಡಿಂಗನ್ನೂ ಏರಿಸುತ್ತದೆ, ಆಂಕರ್ ಇವೆರಡರ ಜೊತೆ ಫಿಸಿಕಲ್ ಅನ್ನೂ ಸ್ವಲ್ಪ ಏರಿಸುತ್ತದೆ. ಓಟ ಮೊದಲೇ ಸಾಕಷ್ಟಿದ್ದು ತಳ್ಳಾಟದಲ್ಲಿ ಸೋಲುವ ಡಿಫೆಂಡರ್‌ಗೆ ಆಂಕರ್ ಹಾಕಿ, ನಿಧಾನದವನಿಗೆ ಶ್ಯಾಡೋ.